ತೂಕವಿಲ್ಲದ ಕನ್ನಡಕ ಹಿಡಿದು ಸಬಾಯೆಗೆ

ಬೆಂಗಳೂರು ವಿಮಾನ ನಿಲ್ದಾಣ

ನನ್ನ ಕೈಚೀಲ ತಪಾಸಣೆಯ ಯಂತ್ರದೊಳಗೆ ಹೋಯಿತು. ಬೇರೆಯವರ ಚೀಲಗಳ ಜೊತೆ ಮುಂದಕ್ಕೆ ಬರಲಿಲ್ಲ. ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಅದನ್ನು ಪಕ್ಕಕ್ಕೆ ಎಳೆದುಕೊಂಡು ಇದು ಯಾರದೆಂದು ಹಿಂದಿಯಲ್ಲಿ ಕೇಳಿದರು. ನಾನು ಕೈ ಎತ್ತಿದೆ. ಅವರು ಸೀರೆಗಳ ನಡುವೆ ಕೈ ಹಾಕಿ ಒಂದು ತಗಡಿನ ಡಬ್ಬಿಯನ್ನು ಈಚೆ ತೆಗೆದರು. ನನ್ನ ಅಕ್ಕನ ಹೊಲಿಗೆ ಯಂತ್ರದ ಬಾಬಿನ್‌ಗಳಿರುತ್ತಿದ್ದ ಡಬ್ಬಿ ಅದು. ಈಗ ಒಳಗೆ ಹತ್ತಿಯ ಮೇಲೆ ಅಕ್ಕನ ಕನ್ನಡಕ ಇತ್ತು. ಕಿವಿಗೆ ಸಿಕ್ಕಿಸುವ ಎಡಗಡೆಯ ಕಡ್ಡಿ ಮುರಿದು ಬೇರೆಯಾಗಿತ್ತು.

ಆಕೆ ಮುರಿದ ಕಡ್ಡಿಯನ್ನು ಎತ್ತಿಕೊಂಡು ಅದರ ತುದಿ ಚೂಪಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ಹೋದರು.

'ಬಗ್ಗಿಸಬೇಡಿ ಮೇಡಂ,' ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಹಿಂದೆ ನಿಂತಿದ್ದ ಮಹದೇವಣ್ಣ ಸಹಾಯಕ್ಕೆ ಬಂದರು. ಹನೂರಿನವರು, ರೇಷ್ಮೆ ನೂಲು ತೆಗೆಯುವವರು, ಬಾಯಿ ಸುಮ್ಮನಿರದ ಮನುಷ್ಯ. 'ಬುಡಿ ತಾಯಿ, ಸತ್ತೋದವ್ರ ಕನ್ನಡ್ಕ ಅದು. ಅದ್ರೊಳ್ಗೇನು ಬಾಂಬ್ ಇಟ್ಕಂಡವ್ಳಾ ಇವ್ಳು?' ಎಂದರು.

ಅವರ ಮಾತಿನಲ್ಲಿ ಆ ಒಂದು ಪದ ಮಾತ್ರ ಎಲ್ಲ ಭಾಷೆಯವರಿಗೂ ತಿಳಿಯುತ್ತದೆ. ಇಬ್ಬರನ್ನೂ ಗೋಡೆಯ ಪಕ್ಕ ಕೂರಿಸಿದರು. ಜಪಾನಿಗೆ ಹೊರಟಿದ್ದ ನಮ್ಮ ರೇಷ್ಮೆ ಕೆಲಸದವರ ತಂಡದ ಉಳಿದವರು ದೂರದಲ್ಲಿ ನಿಂತು ನಮ್ಮ ಪರಿಚಯವೇ ಇಲ್ಲದವರಂತೆ ಬೇರೆ ಕಡೆ ನೋಡುತ್ತಿದ್ದರು. ತಂಡದ ಜವಾಬ್ದಾರಿ ಹೊತ್ತಿದ್ದ ಸಾಹೇಬರು ಬಂದು, ಬೇಡಿಕೊಂಡು, ನಮ್ಮನ್ನು ಬಿಡಿಸಿದರು. ಅಷ್ಟು ಹೊತ್ತೂ ಡಬ್ಬಿ ಆ ಹೆಂಗಸಿನ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ವಿಮಾನ ತಪ್ಪಿದರೂ ಪರವಾಗಿಲ್ಲ, ಅದೊಂದು ವಾಪಸು ಬಂದರೆ ಸಾಕು ಎಂದು ನಾನು ಎಣಿಸುತ್ತಿದ್ದೆ.

ಯಳಂದೂರು, ಅದಕ್ಕೆ ಮೊದಲು

ಇದನ್ನು ಹೇಳದೆ ಪ್ರಯಾಣದ ಕಥೆ ಮುಂದೆ ಹೋಗುವುದಿಲ್ಲ.

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತೇನೆ. ಅಕ್ಕ ನಾಗಮಣಿ ಕಾಮಗೆರೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅವಳ ಮೈಬೆವರು ಅಷ್ಟಿಷ್ಟಲ್ಲ. ಯಾವ ಕನ್ನಡಕ ಕೊಂಡರೂ ವರ್ಷ ತುಂಬುವುದರೊಳಗೆ ಹಸಿರು ಕಿಲುಬು ಹಿಡಿಯುತ್ತಿತ್ತು, ಮೂಗಿನ ಎರಡೂ ಬದಿ ಕಜ್ಜಿಯಾಗುತ್ತಿತ್ತು. ಕೊನೆಗೆ ಮೈಸೂರಿಗೆ ಹೋಗಿ, ಬೆವರಿಗೆ ಜಗ್ಗದ ಲೋಹ ಬೇಕೆಂದು ಕೇಳಿ, ಟೈಟೇನಿಯಂ ಚೌಕಟ್ಟು ತಂದಳು. ಬಹಳ ದುಬಾರಿಯದು. ನಾನು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿ ನಕ್ಕುಬಿಟ್ಟೆ.

'ಇದ್ರಲ್ಲಿ ತೂಕಾನೇ ಇಲ್ವಲ್ಲಕ್ಕ. ಅಲ್ಯುಮಿನಿ ತಗಡ ಕೊಟ್ಟು ಟೋಪಿ ಹಾಕವ್ರೆ ನಿಂಗೆ.'

ನಮ್ಮ ಕಡೆ ಬೆಲೆ ಅಂದರೆ ತೂಕ. ಜರಿ ತೂಗುತ್ತೇವೆ, ಗೂಡು ತೂಗುತ್ತೇವೆ, ಬೆಳ್ಳಿ ತೂಗುತ್ತೇವೆ. ಹಗುರವಾದದ್ದು ಗಟ್ಟಿ ಎಂದರೆ ಯಾರು ನಂಬುತ್ತಾರೆ. ಅಕ್ಕ ಅದನ್ನು ನನ್ನ ಅಂಗೈಯಿಂದ ಎತ್ತಿ ಹಾಕಿಕೊಂಡಳು. ಆಮೇಲೆ ಕೆಲವು ತಿಂಗಳು ನಮ್ಮ ಮನೆಗೆ ಬರಲೇ ಇಲ್ಲ. ಆ ಕನ್ನಡಕ ಅವಳ ಮುಖದ ಮೇಲೆ ನಾಲ್ಕು ವರ್ಷ ಇತ್ತು. ಹೊಲಿಗೆ ಯಂತ್ರದ ಪೆಡಲ್ಲಿನ ಕೆಳಗೆ ಬಿದ್ದಿತು, ಮೊಮ್ಮಗು ಎತ್ತಿಕೊಂಡು ಬಂದ ನೆರೆಯವಳು ಅದರ ಮೇಲೆ ಕೂತಳು, ಸೋಪಿನ ನೀರಿನಲ್ಲಿ ಒಂದಿಡೀ ದಿನ ಮುಳುಗಿತ್ತು. ಒಂದು ಕಲೆಯೂ ಹತ್ತಲಿಲ್ಲ.

ಅಕ್ಕ ಯುಗಾದಿಗೆ ಮುಂಚೆ ತೀರಿಕೊಂಡಳು. ಮಧ್ಯಾಹ್ನ ಎದೆ ಹಿಡಿದುಕೊಂಡಿತು ಎಂದಳು, ಸಂಜೆಗೆ ಇರಲಿಲ್ಲ. ಮಣ್ಣು ಮಾಡುವಾಗ ಯಾರೋ ಹಿರಿಯರು, ಕನ್ನಡಕ ಹಾಕಿಯೇ ಕಳಿಸೋಣ, ಅದಿಲ್ಲದೆ ಅವಳಿಗೆ ಏನೂ ಕಾಣುವುದಿಲ್ಲ ಎಂದರು. ಅಕ್ಕನ ಮಗಳು ಸಿಂಧು ಗುಂಡಿಯ ಅಂಚಿಗೆ ಹೋಗಿ ಅದನ್ನು ತಾಯಿಯ ಮುಖದಿಂದ ತೆಗೆದುಕೊಂಡಳು. 'ಇದ ನಾನ್ ಹಾಕತೀನಿ,' ಎಂದಳು. ಬಟ್ಟೆಬರೆ ಎಲ್ಲ ಅವರಿವರಿಗೆ ಹೋದವು. ಅವಳು ಇಟ್ಟುಕೊಂಡದ್ದು ಅದೊಂದೇ.

ಅದರ ಎಡ ಕಡ್ಡಿ ಆಗಲೇ ಸಡಿಲವಾಗಿ ಅಲ್ಲಾಡುತ್ತಿತ್ತು. ನಾನು ಅವಳಿಗೆ ಹೇಳದೆ ಎತ್ತಿಕೊಂಡು ಹೋದೆ, ಸರಿಮಾಡಿಸಿ ಕೈಗೆ ಕೊಡೋಣವೆಂದು. ಕನ್ನಡಕದ ಅಂಗಡಿಗೆ ಹೋಗಲಿಲ್ಲ. ನಮ್ಮ ಮನೆಯ ಬೆಳ್ಳಿ ಕೆಲಸವನ್ನೆಲ್ಲ ಮಾಡುವ ಯಳಂದೂರಿನ ಆಚಾರಿಯ ಹತ್ತಿರ ಹೋದೆ. ಬೆಸುಗೆ ಬಿಟ್ಟಿದೆ ಎಂದು ನಾನೇ ಹೇಳಿದೆ. ಅವರು ಅಂಗೈ ಮೇಲಿಟ್ಟು ತೂಗಿದರು.

'ಅಲ್ಯುಮಿನೀನೇ ಇರ್ಬೇಕು ಕಣವ್ವ. ಬೆಸ್ಗೆ ನಿಲ್ಲದು ಅನುಮಾನ,' ಎಂದರು.

'ನೋಡಿ ಆಚಾರ್ರೆ, ಸ್ವಲ್ಪ ಬೆಂಕಿ ಕೊಟ್ಟು ನೋಡಿ,' ಎಂದವಳು ನಾನು.

ಅವರು ಊದುಕೊಳವೆಯಿಂದ ಬೆಂಕಿ ಹಾಯಿಸಿದರು. ಲೋಹ ಮೊದಲು ಹಳದಿಯಾಯಿತು, ಆಮೇಲೆ ನೇರಳೆ, ಆಮೇಲೆ ನೀಲಿ. ನವಿಲಿನ ಕತ್ತಿನ ಬಣ್ಣ. ನಾನು ಚಂದ ಎಂದುಕೊಂಡೆ. ಕೊನೆಗೆ ಬೂದಿಯಂತೆ ಮಂಕಾಯಿತು. ಬೆಸುಗೆಯ ಬೆಳ್ಳಿ ಅದರ ಮೇಲೆ ನಿಲ್ಲದೆ, ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ಹೋಯಿತು. ಆಚಾರಿ ಆರಿದ ಮೇಲೆ ಕಡ್ಡಿಯನ್ನು ನೆಟ್ಟಗೆ ಮಾಡಲು ಮೆಲ್ಲಗೆ ಒತ್ತಿದರು. ನಾಲ್ಕು ವರ್ಷ ಬಗ್ಗಿ ಬಗ್ಗಿ ನೆಟ್ಟಗಾಗುತ್ತಿದ್ದದ್ದು ಹಪ್ಪಳದ ಹಾಗೆ ಮುರಿಯಿತು.

ಆಮೇಲೆ ಕೊಳ್ಳೇಗಾಲದ ಕನ್ನಡಕದ ಅಂಗಡಿಯವರು ನೋಡಿ, 'ಒಂದು ಸ್ಕ್ರೂ ಸಡ್ಲ ಆಗಿತ್ತು ಅಷ್ಟೆ, ತಿರುಗ್ಸಿದ್ರೆ ಮುಗೀತಿತ್ತು,' ಎಂದರು. ಆದದ್ದನ್ನು ಹೇಳಿ ಜೊತೆಗೆ ಕರೆದುಕೊಂಡು ಹೋಗಿದ್ದ ಸಿಂಧು ಪಕ್ಕದಲ್ಲೇ ಇದ್ದಳು. ಕನ್ನಡಕವನ್ನು ನನ್ನ ಬಳಿಯೇ ಬಿಟ್ಟು ಹೋದಳು, ಅಂದಿನಿಂದ ನನ್ನೊಡನೆ ಮಾತಾಡಲಿಲ್ಲ. ಆರು ತಿಂಗಳು. ಏನು ಬೇಕಿದ್ದರೂ ಅವಳಪ್ಪನ ಬಾಯಲ್ಲಿ ಹೇಳಿಸುತ್ತಿದ್ದಳು. ತಾಯಿ ಹೋದ ಮೇಲೆ ಅವಳಿಗೆ ಹೆಣ್ಣು ದಿಕ್ಕು ಅಂತ ಇದ್ದವಳು ನಾನೊಬ್ಬಳು. ನನಗೂ ಅಕ್ಕನದು ಅಂತ ಉಳಿದದ್ದು ಅವಳೊಬ್ಬಳು.

ಆ ಅಂಗಡಿಯವರೇ ಇನ್ನೊಂದು ಮಾತನ್ನೂ ಹೇಳಿದ್ದರು. ಇಂಥ ಚೌಕಟ್ಟು ಜಪಾನಿನ ಸಬಾಯೆ ಎಂಬ ಊರಿನದು, ಫುಕುಯಿ ಪಟ್ಟಣದ ಹತ್ತಿರ, ಸರಿಯಾದರೆ ಅಲ್ಲೇ ಆಗಬೇಕು ಎಂದು. ಅವರು ತಮಾಷೆಗೆ ಹೇಳಿದ್ದು. ಆದರೆ ರೇಷ್ಮೆ ಇಲಾಖೆಯವರು ನಮ್ಮಂಥವರನ್ನು ಜಪಾನಿನ ಗಿರಣಿ ನೋಡಲು ಕರೆದುಕೊಂಡು ಹೋಗುವ ಊರುಗಳ ಪಟ್ಟಿಯಲ್ಲಿ ಫುಕುಯಿಯ ಹೆಸರು ಕಂಡಾಗ, ಸೂತಕದ ವರ್ಷ ಬರುವುದಿಲ್ಲ ಎಂದಿದ್ದ ನಾನು ಮತ್ತೆ ಹೋಗಿ ಹೆಸರು ಬರೆಸಿದೆ.

ಫುಕುಯಿ

ಬಯಲು ತುಂಬ ಭತ್ತ. ಅದರಾಚೆ ನೀಲಿ ಬೆಟ್ಟದ ಸಾಲು. ಯಳಂದೂರಿನ ಕಡೆಯಿಂದ ಬಿಳಿಗಿರಿರಂಗನ ಬೆಟ್ಟ ನೋಡಿದ ಹಾಗೇ ಇತ್ತು. 'ಇಷ್ಟ್ ದೂರ ಬಂದು ಗದ್ದೆ ನೋಡಾದಾ,' ಎಂದು ಮಹದೇವಣ್ಣ ಗೊಣಗಿದರು. ಗದ್ದೆಯ ಬದುವಿನಲ್ಲಿ ಮಾತ್ರ ಒಂದು ಪ್ಲಾಸ್ಟಿಕ್ ಚೂರೂ ಇರಲಿಲ್ಲ.

ಗಿರಣಿಯಲ್ಲಿ ಬಿಳಿ ರೇಷ್ಮೆ ನೇಯುತ್ತಿದ್ದರು, ನೀರಿನಲ್ಲಿ ಅದ್ದಿದ ಹೊಕ್ಕಿನ ನೂಲಿನಿಂದ. ಒಬ್ಬ ಮುದುಕಿ ನಾಲ್ಕು ಮಗ್ಗಗಳ ನಡುವೆ ಓಡಾಡುತ್ತ, ಬಟ್ಟೆಯನ್ನು ಕಣ್ಣಿನಿಂದಲ್ಲ, ಬೆರಳ ಬೆನ್ನಿನಿಂದ ಸವರಿ ದೋಷ ಹಿಡಿಯುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ನಾನು ಸವರಿ ತೋರಿಸಿದಾಗ ಅವರು ಬಾಯಿ ಮುಚ್ಚಿಕೊಂಡು ನಕ್ಕರು. ಮಾತಿಲ್ಲದೆ ಒಂದು ಗಂಟೆ ಚೆನ್ನಾಗಿ ಕಳೆಯಿತು.

ಗಿರಣಿಯ ಊಟದ ಮನೆಯಲ್ಲಿ ಟೀ ಕೊಟ್ಟರು. ದಪ್ಪ ಗೋಡೆಯ ಬೂದು ಲೋಟ, ನೋಡಿದರೆ ಕಂಚಿನದರ ಹಾಗೆ ಭಾರವಿರಬೇಕು. ನಾನು ಭಾರವನ್ನು ಎತ್ತುವ ಬಲದಲ್ಲೇ ಎತ್ತಿದೆ. ಲೋಟ ಗಾಳಿಯಂತೆ ಮೇಲಕ್ಕೆ ಹಾರಿ, ಟೀ ಪೂರ ಸಾಹೇಬರ ಅಂಗಿಯ ಮೇಲೆ ಬಿತ್ತು. ಲೋಟ ಕಲ್ಲಿನ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಎತ್ತಿ ನೋಡಿದರೆ ಎಲ್ಲೂ ನೆಗ್ಗಿರಲಿಲ್ಲ. ಮುದುಕಿ ಅದರ ತಳ ತೋರಿಸಿ ಹೇಳಿದರು, 'ಚಿತನ್.' ನಮ್ಮ ದುಭಾಷಿ ಹುಡುಗಿ ತಿಳಿಸಿದಳು, ಟೈಟೇನಿಯಂಗೆ ಇಲ್ಲಿ ಹಾಗೆ ಹೇಳುತ್ತಾರೆ. ಒಳಗೆ ಕುದಿಯುವ ಟೀ ಇದ್ದರೂ ಹೊರಗೆ ಬಿಸಿ ಹತ್ತಿರಲಿಲ್ಲ, ಎರಡು ಪದರದ ಲೋಟ. ಆ ಮುದುಕಿ ಅಂಥದರಲ್ಲೇ ಹದಿನೈದು ವರ್ಷದಿಂದ ಕುಡಿಯುತ್ತಿದ್ದರಂತೆ.

ಸಾಹೇಬರು ಅಂಗಿ ಒರೆಸಿಕೊಳ್ಳುತ್ತ, 'ನೀವು ಬಂದಾಗಿಂದ ಒಂದಲ್ಲ ಒಂದು, ರತ್ನಮ್ಮ,' ಎಂದರು. ನಾನು ತಲೆ ತಗ್ಗಿಸಿದೆ. ಆದರೆ ಮಧ್ಯಾಹ್ನ ಎಲ್ಲರಿಗೂ ಅಂಗಡಿ ಸುತ್ತಲು ಬಿಡುವು ಎಂದರು, ಬಸ್ಸು ನಾಲ್ಕೂವರೆಗೆ ಎಂದರು. ಮಾರನೆಯ ದಿನ ನಾವು ಆ ಊರು ಬಿಡುವವರು. ನಾನು ಮಹದೇವಣ್ಣನಿಗೆ ಮಾತ್ರ ಹೇಳಿ ರೈಲು ನಿಲ್ದಾಣಕ್ಕೆ ನಡೆದೆ.

'ದಾರಿ ತಪ್ಪುದ್ರೆ ಯಾರ್ನ ಕೇಳೀಯೆ? ಇಲ್ಲಿ ಪಾಲಾರಿನ ಗಡಿಲಿ ಮಾತಾಡೋ ತಮಿಳೂ ನಡೆಯಲ್ಲ,' ಎಂದರು.

'ಫೋನ್ ಅದೆ.'

'ಬ್ಯಾಟ್ರಿ?'

ನಾನು ನೋಡಿರಲಿಲ್ಲ. ಅರ್ಧಕ್ಕಿಂತ ಕಡಿಮೆ ಇತ್ತು.

ಸಬಾಯೆ

ರೈಲಿನಲ್ಲಿ ಭಾವನ ಫೋನು ಬಂತು. ಊರಿನ ಅಭ್ಯಾಸದಂತೆ ಕಿವಿಗಿಟ್ಟು ಜೋರಾಗಿ ಮಾತಾಡಿದೆ. ರೈಲು ಡಬ್ಬಿಯೊಳಗಿದ್ದ ಮೂವತ್ತು ಜನವೂ ತಮ್ಮ ಮೊಣಕಾಲು ನೋಡಿಕೊಳ್ಳತೊಡಗಿದರು. ನಮ್ಮ ಹನೂರು ಬಸ್ಸಿನಲ್ಲಾದರೆ ಪಕ್ಕದವರೂ ನನ್ನ ಮಾತಿಗೆ ಎರಡು ಮಾತು ಸೇರಿಸುತ್ತಿದ್ದರು. ಇಲ್ಲಿಯ ಸುಮ್ಮನಿರುವಿಕೆ ಬೈಗುಳಕ್ಕಿಂತ ಬಿಸಿಯಾಗಿತ್ತು. ಆಮೇಲೆ ಮಾಡುತ್ತೇನೆಂದು ಇಟ್ಟುಬಿಟ್ಟೆ.

ನಿಲ್ದಾಣದ ಹೊರಗೆ ಬಂದಾಗ ಮಳೆ ಶುರುವಾಗಿತ್ತು. ಮೊದಲ ಅಂಗಡಿಯಲ್ಲಿ ಕನ್ನಡಕವನ್ನು ಬಿಚ್ಚಿಟ್ಟೆ. ಅಲ್ಲಿದ್ದವನು ಸುಟ್ಟ ಜಾಗ ನೋಡಿ, ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಇಟ್ಟ. ಆಗುವುದಿಲ್ಲ ಎಂಬುದಕ್ಕೆ ಅವರ ಸನ್ನೆ. ಎರಡನೆಯ ಅಂಗಡಿಯಲ್ಲೂ ಕತ್ತರಿ. ಆದರೆ ಆ ಅಂಗಡಿಯ ಹೆಂಗಸು ನನ್ನ ಮುಖ ನೋಡಿ, ಒಂದು ಕಾಗದದ ಮೇಲೆ ಗೆರೆ ಎಳೆದು, ಸೇತುವೆ, ಎರಡು ತಿರುವು, ಒಂದು ಮನೆ ಬರೆದು ಕೊಟ್ಟಳು. ತನ್ನ ಕೊಡೆಯನ್ನೂ ಕೊಟ್ಟಳು. ನಾನು ವಾಪಸು ತರುತ್ತೇನೆಂದು ಅವಳಿಗೆ ಹೇಗೆ ಗೊತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅದು ಅಂಗಡಿಯಲ್ಲ, ಮನೆಯ ಹಿತ್ತಿಲಿನ ಕಾರ್ಯಾಗಾರ. ಅಂಥವು ಆ ಊರಿನಲ್ಲಿ ಬೀದಿಬೀದಿಗೆ ಇವೆ, ನಮ್ಮಲ್ಲಿ ಮನೆಮನೆಗೆ ಮಗ್ಗ ಇದ್ದಂತೆ. ಎಪ್ಪತ್ತು ದಾಟಿದ ಮುದುಕರೊಬ್ಬರು ಕೂತಿದ್ದರು. ಹೆಂಡತಿ ಟೀ ತಂದರು. ನಾನು ಹೆದರುತ್ತಲೇ ಲೋಟ ಹಿಡಿದೆ, ಇದು ಮಣ್ಣಿನದು. ಫೋನನ್ನು ಮೇಜಿನ ಮೇಲೆ ಇಟ್ಟೆವು. ಅವರು ಹೇಳಿದ್ದನ್ನು ಅದು ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು.

ಅವರು ಕನ್ನಡಕವನ್ನು ಬಟ್ಟೆಯ ಮೇಲೆ ಗಾಜು ಮೇಲಾಗಿ ಇಟ್ಟರು. ಹಲ್ಲಿನ ಸಂದಿಯಿಂದ ಉಸಿರು ಒಳಗೆಳೆದುಕೊಂಡರು.

'ಇದನ್ನು ಯಾರು ಸುಟ್ಟರು?' ಎಂದಿತು ಫೋನು.

ಆಚಾರಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. 'ನಾನು,' ಎಂದೆ.

ಅವರು ತಲೆಯಾಡಿಸಿದರು. ತಮ್ಮ ಪೆಟ್ಟಿಗೆಯಿಂದ ಅಂಥದೇ ಲೋಹದ ಒಂದು ಕಡ್ಡಿ ತೆಗೆದು ಬೆರಳಿಗೆ ಉಂಗುರದಂತೆ ಸುತ್ತಿ ಬಿಟ್ಟರು. ಅದು ಚಿಮ್ಮಿ ನೆಟ್ಟಗಾಯಿತು. ಆಮೇಲೆ ಫೋನಿನ ಹತ್ತಿರ ಬಾಗಿ ನಿಧಾನವಾಗಿ ಮಾತಾಡಿದರು.

'ಟೈಟೇನಿಯಂ ಉಪ್ಪಿಗೆ ಹೆದರುವುದಿಲ್ಲ. ಬೆವರಿಗೆ ಹೆದರುವುದಿಲ್ಲ. ಆದರೆ ಬಹಳ ಬಿಸಿಯಾದಾಗ ಅದು ಗಾಳಿಯನ್ನು ಕುಡಿಯುತ್ತದೆ. ಗಾಳಿ ಕುಡಿದ ಭಾಗವು ಗಾಜಿನಂತೆ ಆಗುತ್ತದೆ. ಆದ್ದರಿಂದ ನಾವು ಗಾಳಿ ಇಲ್ಲದ ಸ್ಥಳದಲ್ಲಿ ಬೆಸೆಯುತ್ತೇವೆ.'

ನನ್ನ ಕೈಗೆ ಲೋಹ ತೇಯುವ ಒಂದು ಸಣ್ಣ ಅರ ಕೊಟ್ಟು, ಉಜ್ಜಿ ನೋಡಿ ಎಂದು ಸನ್ನೆ ಮಾಡಿದರು. ಒಳ್ಳೆಯ ಕಡ್ಡಿಯ ಮೇಲೆ ಅರ ಹಿಡಿಯಿತು. ಸುಟ್ಟ ಜಾಗದಲ್ಲಿ ಜಾರಿತು. ಬೆರಳಿಗೆ ತಿಳಿಯಿತು. ಕೆಟ್ಟದ್ದು ಎಲ್ಲಿಯವರೆಗೆ ಹರಡಿದೆ ಎಂಬುದೇ ಪ್ರಶ್ನೆ. ಮುರಿದ ಕಡ್ಡಿಯ ತುದಿಯನ್ನೂ ಸುಟ್ಟ ಕೀಲನ್ನೂ ಕತ್ತರಿಸಿ ಹೊಸದು ಬೆಸೆಯಬಹುದು. ಆದರೆ ಕೀಲು ಅಂಟಿಕೊಂಡಿದ್ದ ಮೂಲೆ, ಗಾಜಿನ ಸುತ್ತು ಶುರುವಾಗುವ ಜಾಗ, ಅದೂ ಒಂದಿಷ್ಟು ಮಂಕಾಗಿತ್ತು. ಅಲ್ಲಿ ಒಳಗೂ ಕೆಟ್ಟಿದ್ದರೆ ಹೊಸದನ್ನು ಯಾವುದಕ್ಕೆ ಬೆಸೆಯುವುದು?

'ತಿಳಿಯಲು ನಾನು ಅದನ್ನು ಬಗ್ಗಿಸಬೇಕು,' ಎಂದಿತು ಫೋನು. 'ಅದು ಮುರಿಯಬಹುದು. ಮುರಿದರೆ ಮುಂಭಾಗ ಮುಗಿಯಿತು. ಈಗಿರುವಂತೆ ನೆನಪಿಗಾಗಿ ಇಟ್ಟುಕೊಳ್ಳಬಹುದು. ನೀವು ನಿರ್ಧರಿಸಿ.'

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಆಗಲೇ ಮಹದೇವಣ್ಣನ ಫೋನು.

'ಎಲ್ಲಿದ್ದೀಯೆ ತಾಯಿ? ಸಾಯೇಬ್ರು ಈಗ್ಲೇ ಅಂಗ್ಡಿ ತಾವ ಬಂದು ತಲೆ ಎಣಿಸ್ತಾವ್ರೆ. ನೀನು ಕಕ್ಕಸ್ಗೆ ಓಗಿದ್ದೀಯ ಅಂದಿವ್ನಿ. ಎಷ್ಟೊತ್ತು ಅಂತ ಓಗಿರ್ತೀಯೆ?'

'ಇನ್ನೊಂದ್ ಸ್ವಲ್ಪ ಹೊತ್ತು ಅಂತ ಹೇಳಣ್ಣ.'

'ಹೊಟ್ಟೆ ಕೆಟ್ಟದೆ ಅಂತೀನಿ ಬುಡು.'

ನಾನು ಆ ಕನ್ನಡಕವನ್ನು ಒಮ್ಮೆ ಯಾರನ್ನೂ ಕೇಳದೆ ಎತ್ತಿಕೊಂಡು ಹೋಗಿದ್ದೆ. ಎರಡನೆಯ ಸಲ ಹಾಗೆ ಮಾಡಲಾರೆ. ಸಿಂಧುಗೆ ಫೋನು ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ. ತೆಗೆಯಲಿಲ್ಲ. ಬ್ಯಾಟರಿಯ ಗೆರೆ ಕೆಂಪಾಗಿತ್ತು. ಭಾವನಿಗೆ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

'ಇಲ್ಲೇ ಅವ್ಳೆ. ಕೊಡ್ಲಾ?' ಎಂದರು. ಫೋನನ್ನು ದೂರ ಹಿಡಿದದ್ದು ಗೊತ್ತಾಯಿತು. 'ತಕಳವ್ವ, ನಿನ್ ಚಿಕ್ಕವ್ವ.' ಆಮೇಲೆ ಭಾವನ ದನಿ, ಮೆತ್ತಗೆ: 'ತಕತಾ ಇಲ್ಲ ರತ್ನ.'

'ನೀವೇ ಕೇಳಿ ಭಾವ. ಬಗ್ಗಿಸಿದ್ರೆ ಮುರಿಬೌದು. ಬೇಡ ಅಂದ್ರೆ ಹಿಂಗೇ ತತ್ತೀನಿ.'

ಭಾವ ಕೇಳಿದರು. ಫೋನಿನಲ್ಲಿ ಕಾಮಗೆರೆಯ ಕೋಳಿ ಕೂಗುವುದು, ರಸ್ತೆಯಲ್ಲಿ ಲಾರಿ ಹೋಗುವುದು ಕೇಳಿಸಿತು. ಮುದುಕರು ಕೈ ಕಟ್ಟಿ ಕೂತಿದ್ದರು. ಅವರ ಹೆಂಡತಿ ನೆಲ ನೋಡುತ್ತಿದ್ದರು.

ದೂರದಿಂದ ಸಿಂಧು ತನ್ನಪ್ಪನಿಗೆ ಹೇಳಿದ್ದು ಕೇಳಿಸಿತು. 'ಬಗ್ಗುಸ್ಲಿ ಅನ್ನಪ್ಪ. ಹಾಕ್ಕಳಕ್ಕೆ ಆಗ್ದೆ ಇರೋದ್ನ ಇಟ್ಕಂಡು ಏನ್ ಪೂಜೆ ಮಾಡಾದಾ.'

ನಾನು ಮುದುಕರಿಗೆ ತಲೆಯಾಡಿಸಿದೆ.

ಅವರು ಗಾಜುಗಳನ್ನು ಬಿಚ್ಚಿ ಹತ್ತಿಯಲ್ಲಿ ಇಟ್ಟರು. ಚೌಕಟ್ಟನ್ನು ಮರದ ಹಿಡಿಕೆಯಲ್ಲಿ ಕಚ್ಚಿಸಿ, ಚರ್ಮ ಸುತ್ತಿದ ಇಕ್ಕಳದಿಂದ ಆ ಮೂಲೆಯನ್ನು ಹಿಡಿದರು. ಬಗ್ಗಿಸುವಾಗ ನೋಡಲಿಲ್ಲ, ಕಣ್ಣು ಮುಚ್ಚಿ ಕಿವಿಯನ್ನು ಅದರ ಹತ್ತಿರ ತಂದರು. ಲೋಹ ಒಂದು ಕೂದಲಿನಷ್ಟು ಬಾಗಿತು.

ಟಿಕ್ ಎಂದಿತು.

ನಾನು ಮೇಜನ್ನು ಹಿಡಿದುಕೊಂಡೆ. ಅವರ ಕೈ ಹಾಗೇ ನಿಂತಿತು. ಭೂತಗನ್ನಡಿ ತಂದು ನೋಡಿದರು. ಬಟ್ಟೆಯ ಮೇಲೆ ಅರಿಸಿನದ ಕಣದಷ್ಟು ಬೂದು ಹೊಟ್ಟು ಉದುರಿತ್ತು. ಮೇಲಿನ ಪೊರೆ ಎದ್ದಿತ್ತು, ಅಷ್ಟೆ. ಅವರು ಅರ ತೆಗೆದುಕೊಂಡು ಉಜ್ಜಿದರು. ಮೊದಲು ಜಾರಿತು. ಮತ್ತೆ ಉಜ್ಜಿದರು. ಆಮೇಲೆ ಅರ ಹಿಡಿಯುವ ಸದ್ದು ಬಂತು. ಆ ಸದ್ದು ಈಗ ನನಗೂ ತಿಳಿಯುತ್ತಿತ್ತು. ಎರಡನೆಯ ಸಲ ಇನ್ನೂ ಜಾಸ್ತಿ ಬಗ್ಗಿಸಿದರು. ಮೂಲೆ ಬಾಗಿ, ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಬಂತು.

ಮುಂದಿನದು ಕೈಕೆಲಸ. ಗಾಳಿ ತೆಗೆದು ಬೇರೆ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಹೊಸ ಕೀಲನ್ನೂ ಕಡ್ಡಿಯನ್ನೂ ಬೆಸೆದರು. ಒಂದೊಂದೇ ಬೆಳಕಿನ ಚುಕ್ಕೆ. ಬಣ್ಣ ಬರಲಿಲ್ಲ. ಹಳದಿಯಿಲ್ಲ, ನೇರಳೆಯಿಲ್ಲ. ಅಕ್ಕಿಕಾಳಿನಷ್ಟು ಜಾಗ ಮಾತ್ರ ಉಳಿದದ್ದಕ್ಕಿಂತ ಬಿಳುಪಾಗಿ ಉಳಿಯಿತು.

ಗಾಜು ಕೂರಿಸುತ್ತ ಅವರು ಏನೋ ಕೇಳಿದರು. ಫೋನು ಸಾಯುವ ಮುಂಚೆ ಹೇಳಿದ ಕೊನೆಯ ಮಾತು ಅದು. 'ಇದು ಯಾರದು?'

'ಅಕ್ಕನದು. ತೀರಿಕೊಂಡಳು,' ಎಂದೆ. ಪರದೆ ಆಗಲೇ ಕಪ್ಪಾಗಿತ್ತು. ಅವರು ನನ್ನ ಮುಖದಿಂದಲೇ ತಿಳಿದುಕೊಂಡಿರಬೇಕು. ಚೌಕಟ್ಟಿನ ಮೇಲೆ ಬೆರಳಿಟ್ಟು, ಆಮೇಲೆ ಹೆಬ್ಬೆರಳು ಎತ್ತಿ ತೋರಿಸಿದರು. ಒಳ್ಳೆಯ ಮಾಲು ಎಂದರ್ಥ. ಅಕ್ಕ ಆರಿಸಿದ್ದು ಸರಿಯಿತ್ತು ಎಂದು ಹೇಳಲು ಸಾವಿರಾರು ಮೈಲಿ ಆಚೆಯ ಒಬ್ಬ ಮುದುಕ ಬೇಕಾಯಿತು. ನಾನು ಅವರ ಮನೆಯಲ್ಲೇ ಅತ್ತುಬಿಟ್ಟೆ. ಅವರ ಹೆಂಡತಿ ಒಂದು ಸಣ್ಣ ಟವೆಲ್ ತಂದು ನನ್ನ ಪಕ್ಕದಲ್ಲಿ ಇಟ್ಟು ಒಳಗೆ ಹೋದರು. ಅಳುವವರನ್ನು ನೋಡಬಾರದು ಎಂಬುದು ಅಲ್ಲಿಯ ಮರ್ಯಾದೆ. ನಮ್ಮಲ್ಲಾದರೆ ಸುತ್ತ ಕೂತು ಜೊತೆಗೆ ಅಳುತ್ತಿದ್ದರು. ಎರಡೂ ಸರಿ.

ಕೊಡೆ ವಾಪಸು ಕೊಟ್ಟು ಫುಕುಯಿ ತಲುಪುವಾಗ ಬಸ್ಸು ಮುಕ್ಕಾಲು ಗಂಟೆ ಕಾದಿತ್ತು. ಸಾಹೇಬರು ಬೈದರು. 'ಹೊಟ್ಟೆ ಹೇಗಿದೆ?' ಎಂದೂ ಕೇಳಿದರು. ಮಹದೇವಣ್ಣ ಕಿಟಕಿಯ ಆಚೆ ಗದ್ದೆ ನೋಡುತ್ತಿದ್ದರು.

ಕಾಮಗೆರೆ

ವಾಪಸು ಬಂದ ಮಾರನೆಯ ಬೆಳಿಗ್ಗೆ ಕಾಮಗೆರೆಗೆ ಹೋದೆ. ಸಿಂಧು ಕಾಲೇಜಿಗೆ ಹೊರಡುತ್ತಿದ್ದಳು. ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಭಾವ ಬಾಗಿಲಲ್ಲಿ ನಿಂತಿದ್ದರು.

ಅವಳು ಕನ್ನಡಕವನ್ನು ತೆಗೆದು ಎಡ ಕಡ್ಡಿಯನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ನಾನು ಬೇಡ ಅನ್ನುವುದರೊಳಗೆ, ಹೊರಗಡೆಗೆ ಬಲವಾಗಿ ಬಗ್ಗಿಸಿದಳು, ಬೆಸುಗೆಯ ಬುಡದಲ್ಲೇ. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅದು ಅವಳ ಮುಖದ ಮೇಲಿತ್ತು. ತಾಯಿಯ ಪವರಿನ ಗಾಜು ಅವಳಿಗೆ ಹೊಂದದು, ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. ತೆಗೆದು, ಡಬ್ಬಿಗೂ ಹಾಕದೆ, ಹತ್ತಿಯಲ್ಲೂ ಸುತ್ತದೆ, ಪುಸ್ತಕಗಳ ನಡುವೆ ಚೀಲಕ್ಕೆ ಎಸೆದು ಜಿಪ್ ಎಳೆದಳು. ಅಕ್ಕನೂ ಹೀಗೇ ಎಸೆಯುತ್ತಿದ್ದಳು. ಬಟ್ಟೆಯಲ್ಲಿ ಸುತ್ತಿಡು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಖಾಲಿ ಡಬ್ಬಿಯ ಮುಚ್ಚಳ ಹಾಕಿದೆ.

ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದವಳು ನಿಂತಳು. ನನ್ನ ಕಡೆ ತಿರುಗಲಿಲ್ಲ. ಕೊಳ್ಳೇಗಾಲದ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಹೇಳಿದಳು.

'ನೀನೂ ಬಾ ಚಿಕ್ಕವ್ವ. ಇದ್ಕೆ ನನ್ ಪವರಿನ ಗಾಜ ಕೂರ್ಸಕ್ಕೆ ಆ ಕನ್ನಡ್ಕದ ಅಂಗ್ಡಿಯವ್ನು ಬಿಸಿ ಗಾಳಿ ಊದಕ್ಕೆ ಬಂದ್ರೆ, ಅವ್ನ ಕೈಯ ಹಿಡ್ಕಳವ್ರು ಒಬ್ರು ಬೇಕು.'